ಹ್ಯಾರಿಸನ್ ಸಾಹೇಬರಿಗೆ ಸೀಟಿತ್ತು

2008ರ ಜೂನ್ ತಿಂಗಳು. ಬಹರೈನಿನ ಹೂರಾದಲ್ಲಿ ಮೂರನೇ ಮಹಡಿಯ ಫ್ಲಾಟು ನಮ್ಮದು. ಅಪ್ಪ ಎಸಿ ಮೆಕ್ಯಾನಿಕ್, ಊರು ಕುಂದಾಪುರದ ಕಡೆ. ನಾನು ಹತ್ತನೇ ಕ್ಲಾಸು ಮುಗಿಸಿ ಖಾಲಿ ಕೂತಿದ್ದೆ. ಖಾಲಿ ಇದ್ದದ್ದು ಕೈ ಮಾತ್ರ, ಬಾಯಲ್ಲ. ಕೆಳಗಿನ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯ ಮಲಯಾಳಿ ಚೇಟ, ಅರೇಬಿಕ್ ಮೇಷ್ಟ್ರು, ಅಪ್ಪನ ಗೊರಕೆ, ಮಾರ್ಕ್ಸ್ ಕಾರ್ಡ್ ಹಿಡಿದು ಅಳುವ ನಾನೇ – ಎಲ್ಲರನ್ನೂ ಅಣಕಿಸುತ್ತಿದ್ದೆ. ಅದರಲ್ಲೂ ಅಪ್ಪನ ಕಂಪನಿಯ ಬ್ರಿಟಿಷ್ ಇಂಜಿನಿಯರ್ ನನ್ನ ಸ್ಪೆಷಲ್. ಆ ಧ್ವನಿಗೆ ನಾನೇ ಹ್ಯಾರಿಸನ್ ಅಂತ ನಾಮಕರಣ ಮಾಡಿದ್ದೆ.

ಅಕ್ಕ ಶ್ವೇತಾ ಆಗಷ್ಟೇ ಹನ್ನೆರಡನೆಯದು ಮುಗಿಸಿದ್ದಳು. ಒಳ್ಳೆಯ ಮಾರ್ಕ್ಸು. ಅವಳಿಗೆ ಇಂಟೀರಿಯರ್ ಡಿಸೈನ್ ಓದುವ ಹುಚ್ಚು. ಅದನ್ನು ಕಲಿಸುವ ಒಂದು ಖಾಸಗಿ ಕಾಲೇಜಿನ ಜಾಹೀರಾತು ಪೇಪರಿನಲ್ಲಿ ಬಂದಿತ್ತು. ಅರ್ಜಿ ಹಾಕಲು ಗುರುವಾರ ಕೊನೆಯ ದಿನ. ಇಲ್ಲಿ ಸೀಟು ಸಿಗದಿದ್ದರೆ ಊರಿಗೆ ಹೋಗಿ ದೊಡ್ಡಪ್ಪನ ಮನೆಯಲ್ಲಿದ್ದು ಬಿಕಾಂ ಮಾಡಬೇಕು ಎಂದು ಅಪ್ಪ ತೀರ್ಮಾನಿಸಿಯಾಗಿತ್ತು.

ಬುಧವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಆ ಕಡೆಯಿಂದ ಸ್ಯಾಮ್ ಎಂಬವನು ಅಪ್ಪಟ ಇಂಗ್ಲಿಷ್ ಉಚ್ಚಾರದಲ್ಲಿ ಮಾತಾಡಿದ. ಮಾರ್ಕ್ಸ್ ಕೇಳಲಿಲ್ಲ. ನ್ಯಾಷನಾಲಿಟಿ ಕೇಳಿದ. "ಇಂಡಿಯನ್" ಅಂದಳು. "ಸಾರಿ, ಸೀಟ್ಸ್ ಆರ್ ಫುಲ್."

ಅವಳ ಮುಖ ಸಪ್ಪೆಯಾಯಿತು. ನಗಿಸೋಣವೆಂದು ರಿಸೀವರ್ ಕಿತ್ತುಕೊಂಡು, ಮೂಗಿನಲ್ಲಿ ಹ್ಯಾರಿಸನ್‌ನನ್ನು ಕೂರಿಸಿಕೊಂಡು, ಅದೇ ನಂಬರು ಒತ್ತಿದೆ. ನಾನು ಹ್ಯಾರಿಸನ್, ನನ್ನ ಮಗಳಿಗೆ ಸೀಟು ಬೇಕಿತ್ತಲ್ಲ ಅಂದೆ. ಸ್ಯಾಮ್ ಧ್ವನಿಯಲ್ಲಿ ಬೆಣ್ಣೆ! ಆರು ಸೀಟುಗಳಿವೆ ಸರ್, ನಾಳೆ ಹತ್ತು ಗಂಟೆಗೆ ಬನ್ನಿ, ಡೈರೆಕ್ಟರ್ ಮೇಡಂ ಇರುತ್ತಾರೆ.

ಫೋನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ.

"ನಗೂದ್ ನಿಲ್ಸ್ ಮಾರಾಯ," ಅಂದಳು. "ನಾಳೆ ಹತ್ತ್ ಗಂಟಿಗೆ ನಾ ಹೋಯ್ಕ್. ನೀನೂ ಬಾ."

"ಹಿಡಿದ್ರೆ?"

ಅಮೆರಿಕದ ಕಾಲೇಜುಗಳು ಒಂದು ಕಾಲದಲ್ಲಿ ಕರಿಯರನ್ನು ಬಾಗಿಲಲ್ಲೇ ತಡೆಯುತ್ತಿದ್ದುದರ ಬಗ್ಗೆ ಅವಳು ಶಾಲೆಯಲ್ಲಿ ಪ್ರಾಜೆಕ್ಟ್ ಮಾಡಿದ್ದಳು. "ಅವ್ರೆಲ್ಲ ಪೊಲೀಸ್ ಕಾವಲಲ್ಲಿ ಒಳಗ್ ಹೋದದ್ದ್. ನಂಗೆ ನೀನೇ ಪೊಲೀಸ್," ಅಂದಳು. ಕಡ್ಡಿಯಂತಿದ್ದ ನನ್ನನ್ನು ಒಮ್ಮೆ ನೋಡಿ, "ಸಾಕಾತ್ತಿಲ್ಲ," ಅಂತಲೂ ಅಂದಳು.

ಗುರುವಾರ, ಫೋಟೋ ತೆಗೆಸಲು ಹೋಗುತ್ತೇವೆ ಎಂದು ಅಮ್ಮನಿಗೆ ಸುಳ್ಳು ಹೇಳಿ ಟ್ಯಾಕ್ಸಿ ಹಿಡಿದೆವು. ಕಾಲೇಜಿನೊಳಗೆ ಎಸಿ ಜೋರಾಗಿತ್ತು. ನನ್ನ ಬೆನ್ನು ಮಾತ್ರ ಬೆವರುತ್ತಿತ್ತು. ಕೌಂಟರಿನಲ್ಲಿ ಟೈ ಕಟ್ಟಿದ್ದ, ಅಪ್ಪನ ವಯಸ್ಸಿನ ಮನುಷ್ಯ. ಅವರ ಹಿಂದೆ ಗಾಜಿನ ಕೋಣೆ, ಒಳಗೆ ಮೇಡಂ ಫೋನಿನಲ್ಲಿದ್ದರು. ಕೌಂಟರಿನವರ ಎದೆಯ ಮೇಲಿನ ಬ್ಯಾಡ್ಜ್ ಓದಿದೆ: ಸದಾಶಿವ. ಬಾಯಿ ತೆರೆದರೆ ನಿನ್ನೆಯ ಸ್ಯಾಮ್! ಅಷ್ಟೆಲ್ಲ ಮಿಮಿಕ್ರಿ ಮಾಡುವ ನಾನು ಇನ್ನೊಬ್ಬನ ಮಿಮಿಕ್ರಿಗೆ ಬೇಸ್ತು ಬಿದ್ದಿದ್ದೆ.

ಅಕ್ಕ ಇಂಗ್ಲಿಷಿನಲ್ಲಿ ಹೇಳಿದಳು: "ನಿನ್ನೆ ಒಂಬತ್ತೂ ಹತ್ತಕ್ಕೆ ಸೀಟು ಫುಲ್. ಒಂಬತ್ತೂ ಕಾಲಿಗೆ ಹ್ಯಾರಿಸನ್‌ಗೆ ಆರು ಸೀಟು. ಐದು ನಿಮಿಷದಲ್ಲಿ ಆರು ಸೀಟು ಎಲ್ಲಿಂದ ಬಂದವು?"

ಅವರ ಮುಖದ ಬಣ್ಣ ಹೋಯಿತು. "ಅಕ್ಕ, ಹ್ವಾಪ, ಬ್ಯಾಡ," ಎಂದು ಅವಳ ತೋಳು ಹಿಡಿದು ಬಾಗಿಲ ಕಡೆ ಎಳೆದೆ.

ಅವರು ತಟ್ಟನೆ ನನ್ನತ್ತ ಬಗ್ಗಿದರು. "ಹ್ವಾಯ್, ಕುಂದಾಪ್ರದ್ ಬದಿಯವ್ರಾ?"

ತಲೆಯಾಡಿಸಿದೆ. ಅವರು ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಅಂದರು: "ನಮ್ಮ್ ದೇಶದೋರ್ ಫೋನ್ ಬಂದ್ರೆ ಫುಲ್ ಅನ್ಬೇಕ್ ಅಂತ ಮೇಡಂ ಹೇಳಿದ್ರ್. ಎರಡ್ ವರ್ಷ ಅದನ್ನೇ ಅಂದೆ. ನನ್ನ್ ಮಗಳಿಗೇ ಒಂದ್ ಫಾರಮ್ ಕೇಳುಕೆ ಧೈರ್ಯ ಬರ್ಲಿಲ್ಲ." ಡ್ರಾಯರಿನಿಂದ ಫಾರಂ ತೆಗೆದರು. "ಹೆದ್ರಬೇಡಿ ಮಕ್ಳೇ. ಬೇಗ ತುಂಬ್ಸಿ. ಸೀಲ್ ಬಿದ್ದ್ ನಂಬರ್ ಬಂದ್ರೆ ಎಂಟ್ರೆನ್ಸ್ ಪರೀಕ್ಷೆಗೆ ಕರೀಲೇಬೇಕ್."

ಅಕ್ಕನ ಪೆನ್ನು ಓಡಿತು. ಒಳಗೆ ಮೇಡಂ ಫೋನಿಟ್ಟರು. ಎದ್ದರು. ಬಾಗಿಲು ತೆರೆಯುವುದಕ್ಕೂ ಸೀಲು ಬೀಳುವುದಕ್ಕೂ ಸರಿಹೋಯಿತು.

"ಮಿಸ್ಟರ್ ಹ್ಯಾರಿಸನ್ ಎಲ್ಲಿ?" ಮೇಡಂ ಕೇಳಿದರು. ನಮ್ಮಿಬ್ಬರನ್ನೂ ನೋಡಿದರು, ಫಾರಂ ನೋಡಿದರು. "ಇದಕ್ಕೆ ಸೀಲು ಹಾಕಿದ್ದು ಯಾರು?"

ಆ ಫೋನು ಮಾಡಿದ್ದು ನಾನೇ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಊರಿನವರ ಧ್ವನಿಯೆಲ್ಲ ಬರುವ ಗಂಟಲಿಗೆ ನನ್ನದೊಂದು ಬರಲಿಲ್ಲ.

"ಐ ಡಿಡ್, ಮೇಡಂ," ಅಂದರು ಸದಾಶಿವ. ಸ್ಯಾಮ್ ಮಾಯವಾಗಿದ್ದ. ನಮ್ಮಪ್ಪ ಇಂಗ್ಲಿಷ್ ಮಾತಾಡಿದರೆ ಹೇಗೋ ಹಾಗೇ ಇತ್ತು.

ಮೇಡಂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಕ್ಕ ಪರೀಕ್ಷೆ ಬರೆದು ಪಾಸಾದಳು. ಆ ವರ್ಷ ಕ್ಲಾಸಿನಲ್ಲಿ ಅವಳೊಬ್ಬಳೇ ಇಂಡಿಯನ್. ಮರುವರ್ಷ ಇನ್ನೂ ಮೂವರು ಸೇರಿದರು. ಆದರೆ ಅವಳು ಸೇರಲು ಹೋದ ದಿನವೇ ಕೌಂಟರಿನಲ್ಲಿ ಬೇರೆ ಯಾರೋ ಕೂತಿದ್ದರು. ಸದಾಶಿವರ ಬಗ್ಗೆ ಕೇಳಿದರೆ, "ಬಿಟ್ಟು ಹೋದರು" ಅಂದರು, ಅಷ್ಟೇ. ಎಲ್ಲಿಗೆ ಎಂದು ಇವತ್ತಿಗೂ ಗೊತ್ತಿಲ್ಲ.

ಈಗಲೂ ನೆಂಟರು ಸೇರಿದಾಗ ಹ್ಯಾರಿಸನ್ ಮಾಡು ಅನ್ನುತ್ತಾರೆ. ಮಾಡುತ್ತೇನೆ, ನಗುತ್ತಾರೆ. ಫೋನಿನ ಸ್ಯಾಮ್‌ನನ್ನೂ ಮಾಡುತ್ತೇನೆ. "ಐ ಡಿಡ್, ಮೇಡಂ" ಎಂಬ ಆ ಮೂರು ಮಾತನ್ನು ಮಾತ್ರ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಎಷ್ಟೋ ಸಲ ಹೇಳಿ ನೋಡಿದ್ದೇನೆ. ಬರುವುದಿಲ್ಲ.