ಹೆಚ್ಚಿದ ಬಳೆ

ಉಬ್ರಾಣಿಯ ಶಿವಗಂಗಮ್ಮ ಎಪ್ಪತ್ತೆಂಟರಲ್ಲಿ ಬಾವಿಕಟ್ಟೆಯ ಮೇಲೆ ಜಾರಿಬಿದ್ದಳು. ರೊಟ್ಟಿ ಬಡಿಯುವ ಬಲಗೈಯ ಮಣಿಕಟ್ಟು ಮುರಿದು, ಬಳೆಗಳು ಚೂರುಚೂರಾದವು. ಗಂಡನಿರುವ ಹೆಣ್ಣು ಬಳೆ 'ಒಡೆಯಿತು' ಎಂದು ಬಾಯಿಬಿಟ್ಟಾಳೇ? ಅದು ಅಪಶಕುನದ ಮಾತು. ಮುತ್ತೈದೆಯ ಬಳೆ 'ಹೆಚ್ಚುತ್ತದೆ'.

"ಬಿದ್ದಾಗ ಬಳೆ ಹೆಚ್ಚಿದವು ರೀ," ಎಂದಳು ಆಸ್ಪತ್ರೆಯಲ್ಲಿ. ಕನ್ನಡ ಆಗಷ್ಟೇ ಕಲಿಯುತ್ತಿದ್ದ ಡಾಕ್ಟರು ಅವಳ ಎಡಗೈ ತುಂಬ ಇದ್ದ ಬಳೆ ನೋಡಿ, "ಹೌದು, ಬಹಳ ಹೆಚ್ಚು," ಎಂದು ನಕ್ಕು, ಗಾಯ ಒರೆಸಿ ಸಿಮೆಂಟ್ ಪಟ್ಟಿ ಹಾಕಿದರು.

ನಾಲ್ಕೇ ದಿನದಲ್ಲಿ ಬೆರಳುಗಳು ಬಾತು ನೀಲಿಗಟ್ಟಿದವು. ಪಟ್ಟಿ ಕೊಯ್ದು ನೋಡಿದರೆ, ಕೀವಿನ ನಡುವೆ ಹಸಿರು ಗಾಜು! ಡಾಕ್ಟರು ಚೂರು ತೆಗೆದು, ಕೈ ಉಳಿದ ಮೇಲೆ ಗದರಿದರು: "ಬಳೆ ಒಡೆದದ್ದನ್ನ ಯಾಕಮ್ಮ ಹೇಳಲಿಲ್ಲ?"

ಶಿವಗಂಗಮ್ಮ ಬಾಗಿಲಲ್ಲಿದ್ದ ಗಂಡನತ್ತ ಕಣ್ಣು ಹಾಯಿಸಿದಳು. "ಬಿಡ್ತು ಅನ್ರೀ ಡಾಕ್ಟ್ರೇ! ಯಜಮಾನ್ರು ಎದುರಿಗೇ ನಿಂತಾರೆ."