ಒಂದು ಹಾಳೆ, ಎರಡು ಹಾಳೆ

ಹೊಲಿಗೆ ಬಿಚ್ಚಿದ್ದಾರೆಂಬ ಸಂಭ್ರಮದಲ್ಲಿ ಗ್ರಂಥಾಲಯದ ಗುಮಾಸ್ತ ಹೆಂಡತಿಯ ಅಣ್ಣನ ಕೈ ಹಿಡಿದು ಜೋರಾಗಿ ಕುಲುಕಿಬಿಟ್ಟ. ಜನ್ಮದಲ್ಲಿ ಕಚೇರಿಯ ಸೀಲು ಬಿಟ್ಟು ಬೇರೇನನ್ನೂ ಗಟ್ಟಿಯಾಗಿ ಹಿಡಿಯದ ಆಸಾಮಿ, ಹಿಡಿದದ್ದು ಗಾಯವಾಗಿದ್ದ ಕೈಯನ್ನೇ. ಬೈಂಡರ್ ಭಾವ ಹಲ್ಲು ಕಚ್ಚಿ ಕಿಟಕಿಯ ಕಡೆ ನೋಡಿದ.

"ಕಷ್ಟಕಾಲದಲ್ಲಿ ಕೈ ಕೊಡೋರು ಅಂದ್ರೆ ಇವರೇ ನೋಡಿ," ಎಂದಳು ಬೈಂಡರನ ಹೆಂಡತಿ. ಗುಮಾಸ್ತನಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮೂವತ್ತು ವರ್ಷ ಪುಸ್ತಕಗಳಿಗೆ ಹೊಲಿಗೆ ಹಾಕಿದ ಕೈ ಅದು. ಕಾಗದ ಕತ್ತರಿಸುವ ಚಾಕು ಜಾರಿ ಹೆಬ್ಬೆರಳಿನ ಬುಡ ಸೀಳಿದಾಗ ಅದಕ್ಕೇ ಏಳು ಹೊಲಿಗೆ ಬಿದ್ದವು. "ದಾರ ಒಳ್ಳೇದು, ಅಂತರ ಸಮ ಇಲ್ಲ," ಎಂದು ಬೈಂಡರ್ ಡಾಕ್ಟರ ಮುಂದೆಯೇ ಅಂದಿದ್ದನಂತೆ. ಹೊಲಿಗೆ ಬಿಚ್ಚಿದ ದಿನ ನರ್ಸಮ್ಮ ಹೇಳಿದ್ದಿಷ್ಟು: ನೀರಲ್ಲಿ ನೆನೆಸಬೇಡಿ, ಭಾರ ಎತ್ತಬೇಡಿ, ಗಾಯ ಪೂರ್ತಿ ಕೂಡಿದ ಮೇಲೆ ಮುಲಾಮು ಹಚ್ಚಿ ಮೆತ್ತಗೆ ಒತ್ತಿ. 'ಒತ್ತಿ' ಎಂಬುದೊಂದೇ ಬೈಂಡರನ ಕಿವಿಗೆ ಬಿತ್ತು. ಅದೇ ಸಂಜೆ, ಹಾಳೆಯ ಮಡಿಕೆ ಕೂರಿಸುವ ಎಲುಬಿನ ಪಟ್ಟಿ ತೆಗೆದುಕೊಂಡು, ಅಟ್ಲಾಸಿನ ಬೆನ್ನು ಒತ್ತಿದಂತೆ ಒತ್ತಿದ. ಗಾಯದ ಒಂದು ತುದಿ ಬಿರಿಯಿತು. "ಇದೇನ್ರೀ, ಪುಸ್ತಕ ಅಂದ್ಕೊಂಡ್ರಾ?" ಎಂದು ನರ್ಸಮ್ಮ ಬೈದು, ಕಾಗದದ ಪಟ್ಟಿ ಅಂಟಿಸಿ ಕಳಿಸಿದ್ದಳು.

"ಅಂಟು ನೀರು ನೀರು," ಎಂದ ಬೈಂಡರ್, ಪಟ್ಟಿ ತೋರಿಸುತ್ತ. "ವಾರ ನಿಲ್ಲಲ್ಲ."

ಗುಮಾಸ್ತ ನಕ್ಕ. ಬೈಂಡರನ ಹೆಂಡತಿ ನಗಲಿಲ್ಲ.

"ಗಾಯ ಮಾಯುತ್ತೆ ಬಿಡಿ. ಹೆಬ್ಬೆರಳಿಗೆ ಏನು ಮುಟ್ಟಿದ್ರೂ ಗೊತ್ತಾಗ್ತಿಲ್ಲ. ನರ ಸರಿಹೋಗೋಕೆ ತಿಂಗಳುಗಟ್ಟಲೆ ಬೇಕಂತೆ. ಸರಿಹೋಗದೇನೂ ಇರಬಹುದಂತೆ."

ಮೂಲೆಯಲ್ಲಿ ಗ್ರಂಥಾಲಯದ ಹರಿದ ನಿಘಂಟುಗಳು ಕಟ್ಟು ಬಿಚ್ಚಿಕೊಂಡು ಬಿದ್ದಿದ್ದವು. ಹಳೆಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎತ್ತಿದ್ದು ಒಂದೋ ಎರಡೋ ಎಂದು ಇಷ್ಟು ವರ್ಷ ಹೇಳಿದ್ದು ಈ ಹೆಬ್ಬೆರಳು, ಕಣ್ಣಲ್ಲ. ಈ ಬೈಂಡಿಂಗ್ ಕೆಲಸವನ್ನು ಬೇರೆಯವರಿಗೆ ಕೊಡೋಣವೇ ಎಂದು ಮೇಲಿನವರು ಕೇಳಿದ್ದರು. ಅದಕ್ಕೆ ಉತ್ತರ ಒಯ್ಯಲೆಂದೇ ಗುಮಾಸ್ತ ಬಂದದ್ದು. ಆದರೆ ಕುಲುಕಿದ ಕೈಯೆದುರು ಆ ಮಾತಿಗೆ ಬಾಯಿ ಬರಲಿಲ್ಲ.

"ಭಾವ, ಸ್ವಲ್ಪ ಕಣ್ಣು ಮುಚ್ಚಿ," ಎಂದ. ನಿಘಂಟಿನಿಂದ ಎರಡು ಹಾಳೆ ಎತ್ತಿ, ಗಾಯಕ್ಕೆ ತಾಗದಂತೆ, ಹೆಬ್ಬೆರಳ ತುದಿಯ ಮೇಲಿಟ್ಟು ಮೆತ್ತಗೆ ಒತ್ತಿ ಹಿಡಿದ.

"ಒಂದಾ, ಎರಡಾ?"

ಬೈಂಡರ್ ಕಣ್ಣು ಮುಚ್ಚಿಕೊಂಡೇ ತುಸು ಹೊತ್ತು ಕಾದ.

"ಮೊದಲು ಇಡಪ್ಪ, ಆಮೇಲೆ ಕೇಳು."