ಹುಳದ ಮನೆಯ ಎಲ್ಸಮ್ಮ

ನಾಗಲಕ್ಷ್ಮಮ್ಮನಿಗೆ ಇದ್ದದ್ದು ಒಂದೇ ಕಾಯಿಲೆ, ಇಣುಕಿ ನೋಡೋದು. ಯಾರ ಮನೆಗೆ ನೆಂಟರು ಬಂದರು, ಯಾರ ಒಲೆ ಮೇಲೆ ಏನು ಬೇಯ್ತಿದೆ, ಬೊಮ್ಮಸಂದ್ರದ ಕಡೆ ಹೊಸದಾಗಿ ಏಳ್ತಿರೋ ಶೆಡ್ಡುಗಳ ಒಳಗೆ ಏನು ಮಾಡ್ತಾರೆ, ಇದೆಲ್ಲ ತಿಳಿಯದೆ ಹೋದರೆ ಅವಳ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಅಂಥವಳ ಹಿತ್ತಿಲಿಗೇ ಒಬ್ಬ ದೊರೆಸಾನಿ ಬಂದು ಸೇರಿಕೊಂಡರೆ ಸುಮ್ಮನಿರು ಅಂದರೆ ಹೇಗೆ ಇದ್ದಾಳು, ನೀವೇ ಹೇಳಿ.

ಎಪ್ಪತ್ತಾರನೇ ಇಸವಿಯ ಮಾತು. ಹೆಬ್ಬಗೋಡಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಅವರ ಹಳ್ಳಿ. ಎರಡು ಬೆಳೆ ರೇಷ್ಮೆ ಕೈಕೊಟ್ಟ ಮೇಲೆ ಅವಳ ಗಂಡ ವೆಂಕಟರಮಣಪ್ಪ ಹುಳ ಸಾಕೋದೇ ಬೇಡ ಅಂತ ಹುಳದ ಮನೆಗೆ ಬೀಗ ಜಡಿದಿದ್ದ. ಹಿತ್ತಿಲಲ್ಲಿ ಉದ್ದಕ್ಕಿದ್ದ ಹೆಂಚಿನ ಮನೆ ಅದು. ಗಾಳಿಯಾಡಲಿ ಅಂತ ಗೋಡೆ ಉದ್ದಕ್ಕೂ ಸಣ್ಣ ಸಣ್ಣ ಜಾಲರಿ ಕಿಟಕಿ. ಅದನ್ನು ಬಾಡಿಗೆಗೆ ಕೇಳಿಕೊಂಡು ಬಂದವರು ಬೆಂಗಳೂರಿನ ದೇವಪುತ್ರ ಪಾದ್ರಿಗಳು. ಡೆನ್ಮಾರ್ಕ್ ಅನ್ನೋ ದೇಶದಿಂದ ಎಲ್ಸೆ ಅಂತ ಒಬ್ಬ ನರ್ಸು ಬಂದಿದ್ದಾಳೆ, ಮಿಶನ್ನಿನವಳು, ಸುತ್ತಲ ಹಳ್ಳಿ ಮಕ್ಕಳ ಆರೋಗ್ಯ ನೋಡಿಕೊಳ್ತಾಳೆ, ಅಂದರು.

ಬಂದವಳನ್ನು ಊರು ಎಲ್ಸಮ್ಮ ಅಂತ ಕರೆಯಿತು. ಬಾಳೆದಿಂಡಿನಂಥ ಬಣ್ಣ, ಬಾಗಿಲಿಗೆ ತಗ್ಗಿ ಬರಬೇಕಾದಷ್ಟು ಎತ್ತರ, ಇಪ್ಪತ್ತೇಳರ ಹರೆಯ. ಬೆಂಗಳೂರಲ್ಲಿ ಯಾವನೋ ಪಂಡಿತ ಅವಳಿಗೆ ಕನ್ನಡ ಕಲಿಸಿದ್ದ. ಪುಣ್ಯಾತ್ಮ, ಅದೆಂಥ ಕನ್ನಡ ಕಲಿಸಿದ್ದನೋ! ಮೊದಲ ದಿನವೇ ನಾಗಲಕ್ಷ್ಮಮ್ಮನ ಮುಂದೆ ಕೈಮುಗಿದು, "ತಾವು ಭೋಜನವನ್ನು ಮಾಡಿರುವಿರಾ?" ಅಂದಳು. ನಾಗಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಗುರುವಾರ ಮಕ್ಕಳನ್ನು ನೋಡೋ ದಿನ. ಮೊದಲ ಗುರುವಾರ ಹುಳದ ಮನೆ ಮುಂದೆ ಜಾತ್ರೆ. ಮಗು ಇದ್ದವರು ಮಗು ಎತ್ತಿಕೊಂಡು, ಇಲ್ಲದವರು ಬರಿಗೈಲಿ, ಎಲ್ಲರೂ ದೊರೆಸಾನಿ ನೋಡೋಕೆ ಬಂದವರೇ. ತೊಲೆಯಿಂದ ಗಡಿಯಾರದಂಥ ಮುಖ ಇರೋ ಒಂದು ತಕ್ಕಡಿ ಇಳಿಬಿಟ್ಟಿದ್ದಳು, ಅದರ ಕೊಕ್ಕೆಗೆ ಬಟ್ಟೆಯ ಜೋಲಿ. ಮಾರಕ್ಕನ ಗಂಡುಮಗು, ವರ್ಷ ತುಂಬದ ಗುಂಡುಕಲ್ಲು, ಮೊದಲು ಜೋಲಿಗೆ ಹತ್ತಿತು. ಮುಳ್ಳು ಓಡಿದ್ದೇ ಓಡಿದ್ದು. ಎಲ್ಸಮ್ಮನಿಗೆ ಸಂತೋಷ ತಡೆಯಲಿಲ್ಲ. ಚಪ್ಪಾಳೆ ತಟ್ಟಿ, ತೂಕವನ್ನು ಬೀದಿಗೆಲ್ಲ ಕೇಳೋ ಹಾಗೆ ಕೂಗಿ, "ಆಹಾ, ಎಂಥ ಪುಷ್ಟವಾದ ಸುಂದರ ಶಿಶು!" ಅಂದುಬಿಟ್ಟಳು.

ಅಷ್ಟೇ. ಹೆಂಗಸರ ಮುಖವೆಲ್ಲ ಕಪ್ಪಿಟ್ಟಿತು. ಮಾರಕ್ಕ ಥೂ ಥೂ ಅಂತ ಉಗಿದು, ಮಗುವನ್ನು ಜೋಲಿಯಿಂದ ಕಿತ್ತುಕೊಂಡು ನಡೆದೇಬಿಟ್ಟಳು. ಗ್ರಹಚಾರ ನೋಡಿ, ಆ ವಾರವೇ ಮಗುವಿಗೆ ವಾಂತಿಭೇದಿ ಹತ್ತಿಕೊಂಡು ಉಳೀತೋ ಹೋಯ್ತೋ ಅನ್ನೋ ಹಾಗಾಯಿತು. ಉಳಿಯಿತು. ಆದರೆ ಮುಂದಿನ ಗುರುವಾರ ಹುಳದ ಮನೆ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ.

ಮಗುವನ್ನು ಯಾರಾದರೂ ತೂಗ್ತಾರಾ? ಅದೇನು ಸಂತೆ ಕುಂಬಳಕಾಯೇ? ಚೆನ್ನಾಗಿ ಮೈ ಕೈ ತುಂಬಿಕೊಂಡಿರೋ ಮಗುವನ್ನು ಕಂಡರೂ "ಸೊರಗೋಗೈತಲ್ಲೇ" ಅನ್ನಬೇಕು, ಕೆನ್ನೆಗೆ ಕಪ್ಪು ಬೊಟ್ಟಿಡಬೇಕು. ಹುಳ ಸಾಕೋರೂ ಅಷ್ಟೇ, ಗೂಡು ಕಟ್ಟೋವರೆಗೂ ಹುಳ ಹೆಂಗವೆ ಅಂದರೆ "ಏನೋ ಅವೆ" ಅಂತಾರೆ. ಇದು ಇಡೀ ಊರಿಗೆ ಗೊತ್ತಿತ್ತು, ಎಲ್ಸಮ್ಮನೊಬ್ಬಳಿಗೆ ಗೊತ್ತಿರಲಿಲ್ಲ. ಹೇಳೋರು ಯಾರು? ಸಮುದ್ರ ದಾಟಿ ಬಂದಿರೋ ಹೆಣ್ಣುಮಗಳ ಮುಖಕ್ಕೆ ನಿಂತು 'ನಿನ್ನ ಕಣ್ಣು ತಾಗ್ತದೆ' ಅನ್ನೋಕೆ ನಾಗಲಕ್ಷ್ಮಮ್ಮನಿಗೂ ಬಾಯಿ ಬರಲಿಲ್ಲ.

ಎಲ್ಸಮ್ಮ ಮಾತ್ರ ಗುರುವಾರ ಗುರುವಾರ ತಕ್ಕಡಿ ಒರೆಸಿ, ಜೋಲಿ ಒಗೆದು ಕಟ್ಟಿ, ಬಾಗಿಲಲ್ಲಿ ಕೂತಿರೋಳು. ಮನೆ ಮನೆಗೆ ಹೋಗಿ ಕರೆದಳು. ಎಲ್ಲರೂ ಕೂರಿಸಿ ಮಜ್ಜಿಗೆ ಕೊಟ್ಟರು, ಬರ್ತೀವಿ ಅಂದರು, ಬರಲಿಲ್ಲ. ಅವಳು ಮನೆ ಹೊಸಿಲು ದಾಟೋದರೊಳಗೆ ಮಗುವನ್ನು ಒಳಕೋಣೆಗೆ ಸಾಗಿಸಿರ್ತಿದ್ದರು. ಕೊನೆಗೆ ಪಾದ್ರಿಗಳು ಬಂದು, ಯುಗಾದಿಯೊಳಗೆ ಮಕ್ಕಳು ಬರದಿದ್ದರೆ ಇದನ್ನು ಮುಚ್ಚಿ ನಿಮ್ಮನ್ನು ನಿಮ್ಮೂರಿಗೆ ಕಳಿಸಬೇಕಾಗ್ತದೆ ಅಂತ ಹೇಳಿ ಹೋದರು. ಎಲ್ಸಮ್ಮ ಅದನ್ನು ನಾಗಲಕ್ಷ್ಮಮ್ಮನಿಗೆ ಹೇಳುವಾಗ ನಗೋಕೆ ನೋಡಿದಳು. ನಾಗಲಕ್ಷ್ಮಮ್ಮನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಆ ಉದ್ದನೆ ಹುಡುಗಿಯನ್ನು ಅವಳು ಅಷ್ಟು ಹಚ್ಚಿಕೊಂಡಿದ್ದಳು.

ಹಚ್ಚಿಕೊಂಡಿದ್ದು ಹೇಗೆ ಅಂದರೆ, ನೋಡಿ ನೋಡಿ. ಬೆಳಗಾಗೆದ್ದು ಸಗಣಿ ಬಾಚುವಾಗೊಮ್ಮೆ, ಸಂಜೆ ಸೌದೆ ತರುವಾಗೊಮ್ಮೆ, ನಾಗಲಕ್ಷ್ಮಮ್ಮನ ಮೂಗು ಜಾಲರಿಗೆ ಅಂಟಿರೋದು. ದೊರೆಸಾನಿ ಕೂದಲು ಹೇಗೆ ಬಾಚ್ತಾಳೆ, ಒಬ್ಬಳೇ ಕೂತು ಏನು ತಿಂತಾಳೆ, ಎಲ್ಲ ನೋಡಿ ಆಗಿತ್ತು. ಆದರೆ ಒಂದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ದಿನಾ ಸಂಜೆ ಎಲ್ಸಮ್ಮ ಬರಿನೆಲದ ಮೇಲೆ ಮೊಣಕಾಲೂರಿ, ತಲೆ ಎತ್ತಿ, ಅಲ್ಲಾಡದೆ ಇರ್ತಿದ್ದಳು. ದೀಪ ಇಲ್ಲ, ಗಂಟೆ ಇಲ್ಲ, ತುಟಿಯೂ ಮಿಸುಕದು. ಇದೇ ಮನೆಯಲ್ಲಿ ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ, ಕೂತಾಗಲೂ ಹೀಗೇ ತಲೆಯೆತ್ತಿ ನಿಶ್ಚಲ ಕೂರ್ತಿದ್ದವು. ಸೊಪ್ಪು ಹಾಕಿದರೂ ಮೂಸದೆ, ಸತ್ತೇಹೋದವೇನೋ ಅನ್ನಿಸಿ, ಆಮೇಲೆ ಹಳೇ ತೊಗಲು ಬಿಟ್ಟು ದಪ್ಪಗಾಗಿ ಏಳೋವು. ಇವಳು ಯಾವಾಗ ಏಳ್ತಾಳೆ? ಏನು ಕೇಳ್ತಾಳೆ ಇಷ್ಟು ಹೊತ್ತು?

ತಡೆಯಲಾರದೆ ಒಂದು ದಿನ ಕೇಳೇಬಿಟ್ಟಳು. "ಅಲ್ಲ ಎಲ್ಸಮ್ಮ, ದಿನಾ ಅಂಗೆ ಕೂತು ನಿಮ್ಮ ದೇವರನ್ನ ಏನು ಕೇಳ್ಕೋತೀರಾ?"

"ಮೊದಲು ಕೇಳುತ್ತಿದ್ದೆ. ಈಗ ಏನನ್ನೂ ಕೇಳುವುದಿಲ್ಲ," ಅಂದಳು ಎಲ್ಸಮ್ಮ. "ನನ್ನ ಊರಿನಲ್ಲಿ ಕಣ್ಣು ಮುಚ್ಚಿದರೆ ಅವನು ಇರುತ್ತಿದ್ದ. ಇಲ್ಲಿ ಕಣ್ಣು ಮುಚ್ಚಿದರೆ ಕೋಣೆ ಖಾಲಿ ಇದೆ."

ಅಯ್ಯೋ ಶಿವನೆ, ದೇವರ ಕೆಲಸಕ್ಕೆ ಅಂತ ಇಷ್ಟು ದೂರ ಬಂದವಳು ದೇವರನ್ನೇ ಊರಲ್ಲಿ ಬಿಟ್ಟು ಬಂದ್ಬಿಟ್ಟಳಾ? ನಾಗಲಕ್ಷ್ಮಮ್ಮನಿಗೆ ಆವತ್ತು ಊಟ ಸೇರಲಿಲ್ಲ.

ಮಾಘ ಕಳೆಯುವಷ್ಟರಲ್ಲಿ ಎಲ್ಸಮ್ಮನಿಗೆ ಕಾಮಾಲೆ ಆಯಿತು. ಬಿಳಿ ಮೈ ಅರಿಶಿನ ಬಳಿದ ಹಾಗಾಯಿತು. ಪಾದ್ರಿಗಳು ಡಾಕ್ಟರನ್ನು ಕರೆತಂದರು. ಔಷಧಿ, ಪಥ್ಯ, ಮಲಗಿರೋದು. ನಾಗಲಕ್ಷ್ಮಮ್ಮ ಗಂಜಿ ಕಾಯಿಸಿದ್ದೇನು, ಎಳನೀರು ಕೆತ್ತಿಸಿದ್ದೇನು. ಡಾಕ್ಟರು ಕಾಯಿಲೆ ಇಳೀತಿದೆ ಅಂದರೂ ಆಕೆ ಗೋಡೆ ಕಡೆ ತಿರುಗಿ ಮಲಗಿದವಳು ಲೋಟ ಮುಟ್ಟಲಿಲ್ಲ. ಬರೋ ಗುರುವಾರ ಕಾರು ತರ್ತೀನಿ, ಬೆಂಗಳೂರಿಗೆ ಕರ್ಕೊಂಡು ಹೋಗಿ ಅಲ್ಲಿಂದ ಊರಿಗೆ ಕಳಿಸಿಬಿಡೋದು, ಅಂದರು ಪಾದ್ರಿಗಳು. ಎಲ್ಸಮ್ಮ ಹೂಂ ಅಂದಳು.

ನಾಗಲಕ್ಷ್ಮಮ್ಮ ಓಡಿದ್ದು ಪಿಳ್ಳಮ್ಮನ ಹತ್ತಿರ. ಊರಿನ ಅರ್ಧ ಮಕ್ಕಳನ್ನು ತನ್ನ ಕೈಮೇಲೆ ಹೆರಿಸಿದ ಮುದುಕಿ ಆಕೆ. ಬಂದಳು, ನೋಡಿದಳು, ಹೊರಗೆ ಬಂದು ಎಲೆಯಡಿಕೆ ಉಗಿದಳು.

"ಕಾಮಾಲೆ ಡಾಕ್ಟ್ರು ನೋಡ್ಕೋತಾನೆ ಬುಡು. ಇದು ನೋಟ ತಗುಲಿರೋದು ಕಣೆ."

"ಯಾರ ನೋಟ ಪಿಳ್ಳಮ್ಮ?"

"ಯಾರದು ಅಂತ ಕೇಳ್ತೀಯಲ್ಲೇ ನನ್ನ ತಾಯಿ! ಮೂರೊತ್ತೂ ಜಾಲರಿಗೆ ಮೂತಿ ಇಟ್ಕೊಂಡು ನಿಂತಿದ್ದೋಳು ನಾನಾ?"

ನಾಗಲಕ್ಷ್ಮಮ್ಮ ತಿರುಗಿ ಜಾಲರಿ ಕಡೆ ನೋಡಿದಳು. ಹೌದಲ್ಲ! ಇಷ್ಟು ದಿನ ಊರಿಗೂರೇ ಎಲ್ಸಮ್ಮನ ಕಣ್ಣಿಗೆ ಹೆದರಿತ್ತು. ಇವಳನ್ನ ನೋಡಿದ ಕಣ್ಣುಗಳ ಲೆಕ್ಕ ಯಾರಾದರೂ ಇಟ್ಟರಾ?

ಸಂಜೆ ದೀಪ ಹಚ್ಚೋ ಹೊತ್ತಿಗೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಪಿಳ್ಳಮ್ಮನ ಜೊತೆ ಒಳಗೆ ಹೋದಳು. ಒಂದು ತಟ್ಟೆಯಲ್ಲಿ ಕೆಂಡ. ಎಲ್ಸಮ್ಮ ಕಷ್ಟಪಟ್ಟು ಎದ್ದು ಕೂತಳು. "ಇದು ಯಾವ ಪೂಜೆ? ನಾನು ಇದಕ್ಕೆ ಒಪ್ಪಬಾರದು."

"ಪೂಜೆ ಅಲ್ಲ ಕಣವ್ವ, ಇದರಲ್ಲಿ ಯಾವ ದೇವರೂ ಇಲ್ಲ. ನನ್ನ ಕಣ್ಣು ನಿಂಗೆ ತಾಗೈತೆ. ಅದನ್ನ ನಾನು ವಾಪಸ್ ತಗೋಬೇಕು, ಅಷ್ಟೇಯ." ಕಾಯಿಲೆಯವಳ ಮುಂದೆ ನೀವು ತಾವು ಎಲ್ಲ ಎಲ್ಲಿಗೋ ಹೋಗಿದ್ದವು. "ದಿನಾ ಆ ಜಾಲರೀಲಿ ನಿನ್ನ ನೋಡ್ತಿದ್ದೆ."

"ನನಗೆ ಗೊತ್ತಿತ್ತು," ಅಂದಳು ಎಲ್ಸಮ್ಮ. "ಆದರೆ ನೀವು ಒಳ್ಳೆಯವರು. ನಿಮ್ಮ ಕಣ್ಣಿನಿಂದ ಕೆಡುಕು ಹೇಗೆ ಬರುವುದು?"

"ಕೆಟ್ಟೋರ ಕಣ್ಣಲ್ಲ ತಾಯಿ ತಾಗೋದು. ಇಷ್ಟಪಟ್ಟು ನೋಡಿದ್ರೇ ತಾಗೋದು. ನೀನು ಚೆಂದ ಇದೀಯ ಅಂತ ನೋಡ್ದೆ, ಏನು ಧೈರ್ಯ ಈ ಹುಡುಗಿಗೆ ಅಂತ ನೋಡ್ದೆ. ತಪ್ಪಾಯ್ತು." ನಾಗಲಕ್ಷ್ಮಮ್ಮ ಅಳೋಕೆ ಶುರುಮಾಡಿದಳು.

ಎಲ್ಸಮ್ಮ ಅವಳನ್ನೇ ನೋಡಿದಳು. ಆಮೇಲೆ ತೊಲೆಯಲ್ಲಿ ನೇತಾಡುತ್ತಿದ್ದ ತಕ್ಕಡಿಯ ಕಡೆ ನೋಡಿದಳು. "ಮಾರಕ್ಕನ ಮಗು," ಅಂದಳು ಮೆಲ್ಲಗೆ. "ಅದನ್ನು ನಾನು ಇಷ್ಟಪಟ್ಟು ನೋಡಿದೆ."

ಎಲ್ಸಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ, ಎರಡೂ ಇತ್ತು ಅಂತಾಳೆ ಪಿಳ್ಳಮ್ಮ. "ತೆಗೆಯಿರಿ," ಅಂದಳು ಕೊನೆಗೆ, ಮಗುವಿನ ಹಾಗೆ ತಲೆ ಬಗ್ಗಿಸಿ.

ನಾಗಲಕ್ಷ್ಮಮ್ಮ ಮುಷ್ಟಿ ತಿರುಗಿಸುತ್ತಾ, ಕಂಡೋರ ಕಣ್ಣು, ಬಂದೋರ ಕಣ್ಣು, ಬಾವಿಕಟ್ಟೆಯೋರ ಕಣ್ಣು, ಈ ಪಾಪಿ ನಾಗಲಕ್ಷ್ಮಿ ಕಣ್ಣು, ಎಲ್ಲ ಸುಟ್ಟೋಗಲಿ ಅಂದಳು. ಉಪ್ಪು ಕೆಂಡಕ್ಕೆ ಬಿದ್ದು ಚಟಚಟ ಸಿಡಿಯಿತು. ಮೆಣಸಿನಕಾಯಿ ಹಳೇದಿತ್ತೋ, ದೃಷ್ಟಿ ಅಷ್ಟು ಜೋರಿತ್ತೋ, ಘಾಟು ಮಾತ್ರ ಏಳಲಿಲ್ಲ. "ನೋಡಿದ್ಯಾ, ಎಷ್ಟು ತಾಗಿತ್ತು!" ಅಂದಳು ಪಿಳ್ಳಮ್ಮ ಹೆಮ್ಮೆಯಿಂದ. ಎಲ್ಸಮ್ಮ ಆವತ್ತು ಒಂದು ಲೋಟ ಗಂಜಿ ಕುಡಿದಳು, ಇನ್ನೊಂದು ಲೋಟ ಕೇಳಿದಳು. ಔಷಧಿ ಹಿಡಿಯಿತು ಅಂತೀರಾ, ಅನ್ನಿ. ನಾನೇನು ಡಾಕ್ಟರಲ್ಲ.

ಬುಧವಾರ ಎಲ್ಸಮ್ಮ ನಾಗಲಕ್ಷ್ಮಮ್ಮನ ಹೆಗಲು ಹಿಡಿದು ಮಾರಕ್ಕನ ಮನೆಗೆ ನಡೆದಳು. ಮಗುವಿನ ಕಡೆ ಕಣ್ಣೆತ್ತದೆ ಜಗಲಿಯ ಮೇಲೆ ಕೂತು, "ಮಾರಕ್ಕ, ನನ್ನ ಕಣ್ಣು ನಿನ್ನ ಮಗುವಿಗೆ ತಾಗಿತ್ತು. ವಾಪಸ್ ತೆಗೆದುಕೊಳ್ಳಲು ಬಂದಿದ್ದೇನೆ," ಅಂದು ಮುಷ್ಟಿ ಬಿಚ್ಚಿದಳು. ಮುಷ್ಟಿಯಲ್ಲಿ ಉಪ್ಪು. ಮಾರಕ್ಕ ಬಿಟ್ಟ ಬಾಯಿ ಮುಚ್ಚಲಿಲ್ಲ.

ಗುರುವಾರ ಪಾದ್ರಿಗಳ ಕಾರು ಬಂದಾಗ ಎಲ್ಸಮ್ಮ ಇನ್ನೂ ಅರಿಶಿನ ಬಣ್ಣದವಳಾಗಿಯೇ ತಕ್ಕಡಿ ಪಕ್ಕ ಕುರ್ಚಿ ಹಾಕಿ ಕೂತಿದ್ದಳು. ಪಕ್ಕದಲ್ಲಿ ನಾಗಲಕ್ಷ್ಮಮ್ಮ, ಕೈಯಲ್ಲಿ ಕಾಡಿಗೆ ಡಬ್ಬಿ, ಮುಂದೆ ಉಪ್ಪು ಮೆಣಸಿನಕಾಯಿ. ಪಾದ್ರಿಗಳು ಕೆಂಡವಾದರು. "ಏನಮ್ಮ ಇದು? ಇದಕ್ಕಾ ನಿಮ್ಮನ್ನ ಅಷ್ಟು ದೂರದಿಂದ ಕಳಿಸಿದ್ದು?"

"ಯಾತಕ್ಕೆ ಕಳಿಸಿದರೋ ನನಗೇ ಗೊತ್ತಿಲ್ಲ ಅಯ್ಯನವರೇ," ಅಂದಳು ಎಲ್ಸಮ್ಮ. "ನಾನು ಇವರಿಗೆ ದೇವರ ಪ್ರೀತಿ ಕೊಡಲು ಬಂದೆ ಅಂದುಕೊಂಡಿದ್ದೆ. ಇಷ್ಟು ದಿನ ಇವರ ಪ್ರೀತಿ ನನಗೆ ಕಾಣಲೇ ಇಲ್ಲ. ಮೊನ್ನೆ ಈಕೆ ಉಪ್ಪು ಹಿಡಿದು ನನಗಾಗಿ ಅತ್ತಾಗ ಆ ಕೋಣೆ ಖಾಲಿ ಇರಲಿಲ್ಲ."

ಪಾದ್ರಿಗಳು ಏನೋ ಹೇಳೋಕೆ ಬಾಯಿ ತೆರೆದರು. ಅವರೂ ಕೋಲಾರದ ಕಡೆ ತಾಯಿಯ ಮಗ; ಚಿಕ್ಕಂದಿನಲ್ಲಿ ಅವರ ಕೆನ್ನೆಗೂ ಕಪ್ಪು ಬೊಟ್ಟು ಬಿದ್ದಿರಲಿಲ್ಲವೇ? ಅಷ್ಟರಲ್ಲಿ ಹಿಂದಿನಿಂದ "ಸ್ವಲ್ಪ ಜರುಗಿ ಸಾಮಿ" ಅಂತ ಮಾರಕ್ಕ ಬಂದಳು, ಸೊಂಟದ ಮೇಲೆ ಗುಂಡುಕಲ್ಲು. ನಾಗಲಕ್ಷ್ಮಮ್ಮ ಕೆನ್ನೆಗೆ ಬೊಟ್ಟಿಟ್ಟಳು. ಮಗು ಜೋಲಿಗೆ ಹತ್ತಿತು. ಮುಳ್ಳು ಆವತ್ತಿಗಿಂತ ಮುಂದಕ್ಕೇ ಓಡಿತು. ಎಲ್ಸಮ್ಮ ಅದನ್ನು ನೋಡಿ, ಹಾಗಲಕಾಯಿ ಕಚ್ಚಿದ ಮುಖ ಮಾಡಿಕೊಂಡು ಹೇಳಿದಳು:

"ಅಯ್ಯೋ, ಏನು ಮಾರಕ್ಕ ಇದು? ಒಣಕಲು ಕಡ್ಡಿ!"

ಮಾರಕ್ಕನ ಮುಖ ಊರಗಲ ಅರಳಿತು. ಪಾದ್ರಿಗಳ ಕಾರು ಬರಿದೇ ವಾಪಸ್ ಹೋಯಿತು.

ಆಮೇಲಿನ ವರ್ಷಗಳಲ್ಲಿ ಬೊಮ್ಮಸಂದ್ರದಲ್ಲಿ ಕಾರ್ಖಾನೆ ಮೇಲೆ ಕಾರ್ಖಾನೆ ಎದ್ದವು, ಶಿಫ್ಟಿನವರ ಹೆಂಡಿರು ಮಕ್ಕಳೂ ಹುಳದ ಮನೆಗೆ ಬರತೊಡಗಿದರು. ಗುಂಡಗಿರೋ ಮಕ್ಕಳನ್ನೆಲ್ಲ ಎಲ್ಸಮ್ಮ ಕಡ್ಡಿ ಅಂತ ಬೈದಳು. ನಿಜವಾಗಿ ಸೊರಗಿದ ಮಗು ಬಂದರೆ ಮಾತ್ರ ಏನೂ ಅನ್ನದೆ ತಾಯಿಯನ್ನು ಒಳಗೆ ಕರೆದು ಕೂರಿಸಿಕೊಳ್ತಿದ್ದಳು. ಸಂಜೆ ಮೊಣಕಾಲೂರೋದು ಬಿಡಲಿಲ್ಲ. ನಾಗಲಕ್ಷ್ಮಮ್ಮ ಜಾಲರಿ ಹತ್ತಿರ ಹೋಗೋದು ಬಿಟ್ಟಳು. ಬಾಗಿಲು ತೆರೆದೇ ಇರ್ತಿತ್ತಲ್ಲ, ಒಳಗೇ ಹೋಗಿ ಕಾಲು ಚಾಚಿ ಸೊಪ್ಪು ಬಿಡಿಸ್ತಾ ಕೂರ್ತಿದ್ದಳು.

ಎಂಬತ್ತೈದರಲ್ಲಿ ಎಲ್ಸಮ್ಮನ ಅವಧಿ ಮುಗಿದು ಊರಿಗೆ ಹೊರಟಾಗ ಶಾಲೆ ಅಂಗಳದಲ್ಲಿ ಶಾಮಿಯಾನ ಹಾಕಿ ಸಭೆ ಮಾಡಿದರು. ಪಾದ್ರಿಗಳು ಮೈಕು ಹಿಡಿದು ಹೊಗಳಿದರು, ತ್ಯಾಗಮಯಿ ಅಂದರು, ಮಮತೆಯ ಮೂರ್ತಿ ಅಂದರು. ಪಂಚಾಯ್ತಿಯವರು ಇನ್ನಷ್ಟು ಸೇರಿಸಿದರು. ಒಂದೊಂದು ಮಾತಿಗೂ ಹೆಂಗಸರ ಸಾಲಿನಲ್ಲಿ ಗುಸುಗುಸು, ಕಸಿವಿಸಿ. ಪಿಳ್ಳಮ್ಮ ತಲೆಮೇಲೆ ಸೆರಗು ಎಳೆದುಕೊಂಡು ನೆಟಿಗೆ ಮುರಿದಳು. ಈಗ ನಾಗಲಕ್ಷ್ಮಮ್ಮನವರು ಎರಡು ಮಾತಾಡ್ತಾರೆ ಅಂತ ಯಾರೋ ಅವಳ ಕೈಗೆ ಮೈಕು ಕೊಟ್ಟರು.

ನಾಗಲಕ್ಷ್ಮಮ್ಮ ಎದ್ದು ನಿಂತಳು. ಎಲ್ಸಮ್ಮನ ಕಡೆ ನೋಡಲಿಲ್ಲ.

"ಇಂಗೆಲ್ಲ ಹೇಳ್ಕೊಳೋ ಅಂಥದ್ದು ಏನೂ ಮಾಡಿಲ್ಲ ಇವಳು," ಅಂದಳು. "ಬಂದಾಗಲೂ ಕಡ್ಡಿ, ಈಗಲೂ ಕಡ್ಡಿ. ನಮ್ಮೂರಿಗೇನೂ ಉಪಯೋಗ ಆಗಿಲ್ಲ. ಹೋದ್ರೆ ಹೋಗ್ಲಿ, ಯಾರಿಗೇನಂತೆ."

ಪಂಚಾಯ್ತಿಯವರು ತಬ್ಬಿಬ್ಬಾಗಿ ಪಾದ್ರಿಗಳ ಮುಖ ನೋಡಿದರು. ಹೆಂಗಸರ ಸಾಲು ಪೂರ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಹೌದು ಹೌದು ಅಂತ ತಲೆ ಆಡಿಸುತ್ತಿತ್ತು. ಎಲ್ಸಮ್ಮ ಕುರ್ಚಿಯಿಂದ ಎದ್ದು ಬಂದು ನಾಗಲಕ್ಷ್ಮಮ್ಮನ ಎರಡೂ ಕೈ ಹಿಡಿದುಕೊಂಡಳು. ಪಂಡಿತನ ಕನ್ನಡ ಎಂದೋ ಬಿಟ್ಟುಹೋಗಿತ್ತು.

"ನೀನೂ ಅಷ್ಟೇ ಕಣಕ್ಕ," ಅಂದಳು, "ಯಾತಕ್ಕೂ ಬಾರದೋಳು."